ಮಂಜುಗಡ್ಡೆಯ ಸಾಕ್ಷಿ

ಬಚ್ಚಲೊಲೆಗೆ ಸೌದೆ ತುರುಕಿದಾಗ ಏಳುವ ಹೊಗೆಯಲ್ಲಿ ಲೆವೊಗ್ಲೂಕೋಸಾನ್ ಅಂತ ಸಕ್ಕರೆ ಜಾತಿಯ ಒಂದು ವಸ್ತು ಇರುತ್ತೆ. ಮರ, ಹುಲ್ಲು, ತರಗೆಲೆಗಳಲ್ಲಿರುವ ಸೆಲ್ಯುಲೋಸ್ ಸುಮಾರು 300 ಡಿಗ್ರಿ ದಾಟಿ ಸುಟ್ಟಾಗ ಹುಟ್ಟುವಂಥದ್ದು. ಡೀಸೆಲ್ ಸುಟ್ಟರೆ ಬರೋದಿಲ್ಲ. ಹಾಗಾಗಿ ಗ್ರೀನ್‌ಲ್ಯಾಂಡಿನ ಹಳೇ ಮಂಜುಗಡ್ಡೆಯಲ್ಲಿ ಅದು ಸಿಕ್ಕಿತು ಅಂದ್ರೆ ಆ ಕಾಲದಲ್ಲಿ ಎಲ್ಲೋ ಗಿಡಮರ ಉರಿದಿತ್ತು ಅಂತಲೇ ಅರ್ಥ.

ಧ್ರುವಗಳಲ್ಲಿ ವರ್ಷ ವರ್ಷ ಬಿದ್ದ ಹಿಮ ಕರಗದೆ ಪದರ ಪದರವಾಗಿ ಕೂರುತ್ತೆ. ನಾವು ಬೋರ್‌ವೆಲ್ ಕೊರೆಸಿದ ಹಾಗೆ ಅದನ್ನು ಕೊರೆದು, ಕೋಲಿನಂಥ ತುಂಡುಗಳನ್ನು ಹೊರತೆಗೀತಾರೆ. ಪದರ ಎಣಿಸಿ, 1815ರ ತಂಬೋರಾ ಜ್ವಾಲಾಮುಖಿ ಬಿಟ್ಟುಹೋದ ಗಂಧಕದ ಗುರುತಿನಂಥ ಮೈಲಿಗಲ್ಲುಗಳನ್ನು ಹಿಡಿದು ಇಸವಿ ಹೇಳ್ತಾರೆ. ನಮಗೆ ಹತ್ತಿರದ ಗೋವಾದ ವಾಸ್ಕೋದಲ್ಲೇ, ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದಲ್ಲಿ, ಅಂಟಾರ್ಕ್ಟಿಕಾದ ಇಂಥ ತುಂಡುಗಳನ್ನು ಅಭ್ಯಾಸ ಮಾಡುವ ಲ್ಯಾಬ್ ಇದೆ. ಹೊಗೆಯ ಗುರುತು ಸಿಗೋದು ಒಂದು ಮಿಲಿಲೀಟರ್ ನೀರಲ್ಲಿ ಗ್ರಾಮಿನ ಲಕ್ಷ ಕೋಟಿಯ ಪಾಲುಗಳ ಲೆಕ್ಕದಲ್ಲಿ. ಅಷ್ಟು ಸಣ್ಣದನ್ನೂ ಹಿಡೀತಾರೆ.

2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಅಂಟಾರ್ಕ್ಟಿಕಾದ ತುದಿಯ ಜೇಮ್ಸ್ ರಾಸ್ ದ್ವೀಪದ ಮಂಜಿನಲ್ಲಿ 13ನೇ ಶತಮಾನದ ಕೊನೆಯಿಂದ ಮಸಿಯ ಪ್ರಮಾಣ ಸುಮಾರು ಮೂರು ಪಟ್ಟು ಏರಿದೆ. ಕಾರಣ ಹುಡುಕ್ತಾ ಹೋದ ವಿಜ್ಞಾನಿಗಳು ನ್ಯೂಜಿಲೆಂಡಿಗೆ ಬಂದು ನಿಂತರು. ಮಾವೊರಿ ಜನ ಆ ನೆಲಕ್ಕೆ ಬಂದು ಕಾಡಿಗೆ ಬೆಂಕಿ ಹಾಕಿ ಬದುಕು ಕಟ್ಟಿಕೊಂಡ ಕಾಲ ಅದು.

ಓದಿ ಖುಷಿಯಾಯ್ತು, ಜೊತೆಗೆ ಒಂಥರಾ ಕಸಿವಿಸಿನೂ ಆಯ್ತು. ಹೊಟ್ಟೆಪಾಡಿಗೆ ಹಾಕಿದ ಬೆಂಕಿ ಏಳುನೂರು ವರ್ಷ ಆದ್ಮೇಲೂ ಸಿಕ್ಕಿಬೀಳುತ್ತೆ. ಸಿಕ್ಕಿಬಿದ್ದದ್ದಕ್ಕೆ ಅದು ತಪ್ಪು ಅನ್ನಬೇಕಾ?

ಮಲೆನಾಡಿನವರಿಗೆ ಈ ಪ್ರಶ್ನೆ ಹೊಸದಲ್ಲ. ಕುಮರಿ ಬೇಸಾಯ ಅಂತಿತ್ತು. ಗುಡ್ಡದ ಇಳಿಜಾರಲ್ಲಿ ಕಾಡು ಕಡಿದು, ಒಣಗಿಸಿ, ಮಳೆಗೆ ಮುಂಚೆ ಸುಟ್ಟು, ಆ ಬೂದಿಯಲ್ಲಿ ರಾಗಿ ಬಿತ್ತೋದು. ಒಂದೆರಡು ಬೆಳೆ ತೆಗೆದು, ಕಾಡು ಮತ್ತೆ ಏಳಲಿ ಅಂತ ಹಲವು ವರ್ಷ ಬಿಟ್ಟುಬಿಡೋದು. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ಡಾಕ್ಟರ್ ಆಗಿದ್ದ ಹ್ಯೂ ಕ್ಲೆಗಾರ್ನ್ ಮುಂದೆ ಮದ್ರಾಸ್ ಅರಣ್ಯ ಇಲಾಖೆಯ ಮುಖ್ಯಸ್ಥನಾದ. ಕುಮರಿ ಕಾಡಿನ ಶತ್ರು ಅಂತ ವಾದಿಸಿದ ಮುಖ್ಯರಲ್ಲಿ ಅವನೂ ಒಬ್ಬ. 1860ರಲ್ಲಿ ಮದ್ರಾಸ್ ಸರ್ಕಾರ ಅಪ್ಪಣೆಯಿಲ್ಲದ ಕುಮರಿಗೆ ತಡೆ ಹಾಕಿತು. ಅದೇ ಕಾಲದಲ್ಲಿ ರೈಲಿನ ಸ್ಲೀಪರಿಗೆ, ಹಡಗಿಗೆ ಅಂತ ಗಾಡಿಗಟ್ಟಲೆ ಮರ ಹೋಗ್ತಾನೇ ಇತ್ತು. ಅದರಲ್ಲಿ ಹೊಗೆ ಏಳಲಿಲ್ಲ ನೋಡಿ. ಸುಟ್ಟ ಇಳಿಜಾರು ಮಾತ್ರ ದೂರದಿಂದಲೇ ಕಪ್ಪಗೆ ಕಾಣ್ತಿತ್ತು.

ನನ್ನ ಕೆಲಸದಲ್ಲೂ ಹೀಗೇ. ರಾತ್ರಿ ಸರ್ವರ್ ಬಿದ್ದರೆ ಬೆಳಿಗ್ಗೆ ಎಲ್ಲರೂ ಮೊದಲು ತೆಗೆಯೋದು ಲಾಗ್. ಅದರಲ್ಲಿ ಯಾರ ಹೆಸರಿದೆಯೋ ಅವನ ಕಡೆ ತಲೆಗಳು ತಿರುಗ್ತವೆ. ಲಾಗೇ ಬರೆಯದ ಮಾಡ್ಯೂಲ್ ಒಂದು ಮೂಲೆಯಲ್ಲಿ ತಣ್ಣಗೆ ಕೂತಿರುತ್ತೆ. ಲಾಗ್ ಸುಳ್ಳು ಹೇಳಲ್ಲ ನಿಜ. ಆದರೆ ಅದಕ್ಕೆ ಗೊತ್ತಿರೋದು ಅಷ್ಟೇ.

ಇಷ್ಟು ಹೇಳಿ, ಬಡವ ಹಾಕಿದ ಬೆಂಕಿಯೆಲ್ಲ ಪವಿತ್ರ ಅಂತ ನಾನು ಹೊರಟಿಲ್ಲ. ಈಗಲೂ ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೊಸನಗರ, ತೀರ್ಥಹಳ್ಳಿ ಕಡೆ ಗುಡ್ಡ ಹೊತ್ತಿಕೊಳ್ಳುತ್ತೆ. ಮಳೆ ಬಿದ್ದಾಗ ಹುಲ್ಲು ಚೆನ್ನಾಗಿ ಚಿಗುರಲಿ ಅಂತ ಬ್ಯಾಣಕ್ಕೆ ಕಡ್ಡಿ ಗೀರುವವರಿದ್ದಾರೆ. ಬೀಡಿ ಸೇದಿ ಬಿಸಾಕಿ ಹೋಗುವವರೂ ಇದ್ದಾರೆ. ಪಕ್ಕದವನ ಸೊಪ್ಪಿನಬೆಟ್ಟ, ತೋಟದ ಅಂಚು ಉರಿದುಹೋದರೆ ಆ ವರ್ಷ ಅವನ ಅಡಿಕೆ ಮರದ ಬುಡಕ್ಕೆ ಸೊಪ್ಪಿಲ್ಲ. ಇದು ತಪ್ಪೇ, ನನಗೆ ಅನುಮಾನ ಇಲ್ಲ. ಆದರೆ ತಪ್ಪು ಅಂತ ನಾನು ಹೇಳೋದು ಆ ಪಕ್ಕದವನ ಮುಖ ನೋಡಿ. ಹೊಗೆಯ ರಸಾಯನ ನೋಡಿ ಅಲ್ಲ. ರಸಾಯನದಲ್ಲಿ ರಾಗಿಗೆ ಸುಟ್ಟ ಗುಡ್ಡ, ಬೀಡಿಗೆ ಸುಟ್ಟ ಗುಡ್ಡ, ಅಡಿಕೆ ಬೇಯಿಸುವ ಒಲೆ ಎಲ್ಲಾ ಒಂದೇ.

ಇನ್ನು ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ಕಾಡಿಗೆ ಬಿದ್ದ ಅತಿ ದೊಡ್ಡ ಪೆಟ್ಟು ಯಾವುದು ಅಂತ ಕೇಳಿ. ಬೆಂಕಿ ಅಲ್ಲ, ನೀರು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಸುಮಾರು 300 ಚದರ ಕಿಲೋಮೀಟರ್ ಮುಳುಗಿತು. ಕಾಡು, ಗದ್ದೆ, ತೋಟ, ದೇವರ ಬನ ಎಲ್ಲಾ. ಮುಳುಗಿದ ಮರದಿಂದ ಲೆವೊಗ್ಲೂಕೋಸಾನ್ ಹುಟ್ಟಲ್ಲ. ಕೊಳೆತಾಗ ಬರುವ ಮೀಥೇನ್ ಜಗತ್ತಿನ ಗಾಳಿಯಲ್ಲಿ ಬೆರೆತುಹೋಗುತ್ತೆ, ಅದಕ್ಕೆ ಊರಿನ ವಿಳಾಸ ಇರಲ್ಲ. ಸಾವಿರ ವರ್ಷದ ನಂತರ ಯಾರಾದರೂ ಮಂಜು ಕೊರೆದು 1964ರ ಪದರ ಕರಗಿಸಿದರೆ ಶರಾವತಿ ಕಣಿವೆಯ ಮಟ್ಟಿಗೆ ಅದು ಬಿಳಿ ಹಾಳೆ.

ಆ ಅಣೆಕಟ್ಟು ಬೇಡವಾಗಿತ್ತು ಅಂತ ಬೆಂಗಳೂರಲ್ಲಿ ಕೂತು ಟೈಪ್ ಮಾಡೋದು ನನಗೆ ಸುಲಭ ಅಲ್ಲ. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರ 1035 ಮೆಗಾವಾಟ್‌ನದ್ದು, ನನ್ನ ಲ್ಯಾಪ್‌ಟಾಪಿಗೂ ಅದರಲ್ಲಿ ಪಾಲಿದೆ. ನನ್ನ ತಕರಾರು ಲೆಕ್ಕದ ಬಗ್ಗೆ. ಮುಳುಗಡೆಯಾದವರಲ್ಲಿ ಎಷ್ಟೋ ಜನರನ್ನು ಕಾಡಿನ ಜಾಗಕ್ಕೆ ತಂದು ಬಿಟ್ಟರು. ಅವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಕಚೇರಿ ಅಲೀತಾರೆ. ಅಂಥವನು ಮನೆ ಹಿಂದಿನ ಒಣ ಪೊದೆ ಸವರಿ ಬೆಂಕಿ ಹಾಕಿದರೆ ಅದು ಆಕಾಶದ ಉಪಗ್ರಹಕ್ಕೂ ಕಾಣುತ್ತೆ, ಅರಣ್ಯ ಇಲಾಖೆಗೂ ಅಲರ್ಟ್ ಹೋಗುತ್ತೆ. ಅವನ ಅಜ್ಜನ ತೋಟ ಮುಳುಗಿಸಿದ್ದಕ್ಕೆ ಯಾವ ಅಲರ್ಟೂ ಇಲ್ಲ.

ಬೇಸಿಗೆಯಲ್ಲಿ ಹೊಳೆಬಾಗಿಲ ಕಡೆ ಹೋದರೆ ನೋಡಿ, ಹಿನ್ನೀರು ಇಳಿದ ಕಡೆ ಕೆಸರಿನಲ್ಲಿ ಹಳೇ ಮರದ ಬೊಡ್ಡೆಗಳು ಈಗಲೂ ಎದ್ದು ನಿಂತಿರ್ತವೆ.