ಎರವಲು ಹೆಸರಿನ ಒಳ್ಳೆಯ ಸರಕು

ಬನಹಟ್ಟಿಯ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ಹಾಸಿದ ಕೂಡಲೇ ಕೊಳ್ಳುವವರು ಸಾಮಾನ್ಯವಾಗಿ ಎರಡು ಮಾತು ಕೇಳುತ್ತಾರೆ. ಒಂದು, 'ಬಾಳಿಕಿ ಹೆಂಗ್ ಬರ್ತೈತ್ರಿ?' ಇನ್ನೊಂದು, 'ಇದು ಎಲ್ಲೀದ್ರಿ?' ಮೊದಲನೆಯದು ಗುಣದ ಪ್ರಶ್ನೆ, ಎರಡನೆಯದು ಮೂಲದ ಪ್ರಶ್ನೆ. ಅಂಗಡಿಯವರು ಎಷ್ಟೋ ಸಲ ಎರಡಕ್ಕೂ ಸೇರಿಸಿ ಒಂದೇ ಉತ್ತರ ಕೊಟ್ಟುಬಿಡುತ್ತಾರೆ: 'ಇಳಕಲ್ ಸೀರಿ ಐತ್ರಿ ಅಕ್ಕಾರ, ಚಿಂತಿ ಮಾಡಬ್ಯಾಡ್ರಿ.' ಊರಿನ ಹೆಸರು ಹೇಳಿದರೆ ಗುಣದ ಬಗ್ಗೆ ಬೇರೆ ಹೇಳಬೇಕಾಗಿಲ್ಲ ಎಂಬ ನಂಬಿಕೆ ಆ ಉತ್ತರದ ಹಿಂದಿದೆ. ಅಂಗಡಿ ಇರುವುದು ಸಾವಿರಾರು ಮಗ್ಗಗಳಿರುವ ನೇಕಾರರ ಊರಿನಲ್ಲಿ. ಹಾಸಿದ ಸೀರೆ ಎರಡು ಓಣಿ ಆಚೆಯ ವಿದ್ಯುತ್ ಮಗ್ಗದ ಮೇಲೆ ನೇಯ್ದದ್ದೂ ಆಗಿರಬಹುದು. ಸೀರೆ ನಿಜಕ್ಕೂ ಚೆನ್ನಾಗಿಯೇ ಇರಬಹುದು. ಹಾಗಿದ್ದಮೇಲೆ ಹೆಸರು ಸುಳ್ಳಾದರೆ ನಷ್ಟವಾಗುವುದು ಯಾರಿಗೆ?

ಇದು ವ್ಯಾಪಾರದ ಪ್ರಶ್ನೆಯ ಹಾಗೆ ಕಾಣುತ್ತದೆ. ನನಗೆ ಇದು ನೀತಿಯ ಪ್ರಶ್ನೆ ಅನ್ನಿಸುತ್ತದೆ. ಇದನ್ನು ಬಿಡಿಸಿ ನೋಡಲು ಸೀರೆಗಿಂತ ಸರಳವಾದ ವಸ್ತುವೊಂದನ್ನು ತೆಗೆದುಕೊಳ್ಳೋಣ. ಮಡಚುವ ಚಾಕು.

ಮಡಚುವ ಚಾಕು ಕೊಳ್ಳುವಾಗ ಕೆಲವು ಸಂಗತಿ ನಿಂತಲ್ಲೇ ಗೊತ್ತಾಗುತ್ತವೆ. ಅಲಗು ಬಿಚ್ಚಿದಾಗ ಅಲ್ಲಾಡುತ್ತದೆಯೇ, ಮಡಚಿದಾಗ ಹಿಡಿಯ ನಡುವೆ ನೆಟ್ಟಗೆ ಕೂರುತ್ತದೆಯೇ, ಹಿಡಿ ಕೈಗೆ ಹೊಂದುತ್ತದೆಯೇ. ಇನ್ನು ಕೆಲವು ಬಳಸಿದ ಮೇಲೆ ಗೊತ್ತಾಗುತ್ತವೆ. ಉಕ್ಕನ್ನು ಕಾಯಿಸಿ ಆರಿಸಿದ ಹದ ಸರಿಯಾಗಿತ್ತೇ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಆರು ತಿಂಗಳಾದ ಮೇಲೆ ಟೊಮೆಟೊ ಸಿಪ್ಪೆಯ ಮೇಲೆ ಚಾಕು ಜಾರಿದಾಗ ತಿಳಿಯುತ್ತದೆ. ಮೂರನೆಯ ಬಗೆಯ ಸಂಗತಿಗಳು ಎಷ್ಟು ಬಳಸಿದರೂ ತಿಳಿಯುವುದಿಲ್ಲ. ಇದನ್ನು ಯಾವ ಊರಿನಲ್ಲಿ, ಯಾರು, ಎಷ್ಟು ಕೂಲಿಗೆ ಮಾಡಿದರು ಎಂಬುದು ಅಂಥದ್ದು. ಅರ್ಥಶಾಸ್ತ್ರಜ್ಞರು ಈ ವಿಂಗಡಣೆಯನ್ನು ಬಹಳ ಹಿಂದೆಯೇ ಮಾಡಿದ್ದಾರೆ. ಹುಡುಕಿ ತಿಳಿಯುವ ಗುಣ, ಅನುಭವಿಸಿ ತಿಳಿಯುವ ಗುಣ ಎಂಬ ಮೊದಲೆರಡನ್ನು 1970ರಲ್ಲಿ ಫಿಲಿಪ್ ನೆಲ್ಸನ್ ವಿವರಿಸಿದರು. ಬರೀ ನಂಬಿಕೆಯ ಮೇಲೆ ಒಪ್ಪಬೇಕಾದ ಮೂರನೆಯದನ್ನು 1973ರಲ್ಲಿ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಸೇರಿಸಿದರು.

ಮೂಲದ ಮಾತು ಈ ಮೂರನೆಯ ಗುಂಪಿಗೆ ಸೇರಿದ್ದು. ಚಾಕುವಿನ ಅಲಗಿನ ಮೇಲೆ ಒತ್ತಿದ ಊರಿನ ಹೆಸರು ಒಂದು ಸಾಕ್ಷಿಯ ಮಾತು. ನಾವು ಪರೀಕ್ಷಿಸಲಾರದ್ದನ್ನು ಇನ್ನೊಬ್ಬರು ನೋಡಿ ಹೇಳುತ್ತಿದ್ದಾರೆ, ನಾವು ನಂಬುತ್ತೇವೆ. ಆದ್ದರಿಂದ 'ಸರಕು ಚೆನ್ನಾಗಿದೆಯಲ್ಲ, ಹೆಸರು ಏನಾದರೇನು' ಎಂಬ ವಾದ ಎರಡು ಬೇರೆ ಬೇರೆ ಮಾತನ್ನು ಕಲಸಿಬಿಡುತ್ತದೆ. ಸಾಕ್ಷಿ ಹೇಳಿದವನು ಸುಳ್ಳು ಹೇಳಿದ್ದರೆ, ಸರಕು ಚೆನ್ನಾಗಿರುವುದು ಅವನ ಸುಳ್ಳಿಗೆ ಉತ್ತರವಾಗುವುದಿಲ್ಲ. ಇದರ ಮಗ್ಗುಲು ಮಾತೂ ಅಷ್ಟೇ ನಿಜ: ಮೂಲ ಸತ್ಯವಾಗಿದ್ದ ಮಾತ್ರಕ್ಕೆ ಸರಕು ಒಳ್ಳೆಯದಾಗುವುದಿಲ್ಲ.

ಚಾಕುವಿನ ಚರಿತ್ರೆಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಇಂಗ್ಲೆಂಡಿನ ಶೆಫೀಲ್ಡ್ ಚಾಕುವಿಗೆ ಎಷ್ಟು ಹಳೆಯ ಹೆಸರೆಂದರೆ, ಹದಿನಾಲ್ಕನೆಯ ಶತಮಾನದ ಕವಿ ಚಾಸರ್‌ನ ಕಥೆಯ ಪಾತ್ರವೊಂದು ಶೆಫೀಲ್ಡಿನ ಚಾಕು ಸಿಕ್ಕಿಸಿಕೊಂಡು ತಿರುಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯಿಂದ, ಅದರಲ್ಲೂ ಜೋಲಿಂಗೆನ್ ಪಟ್ಟಣದಿಂದ, ಶೆಫೀಲ್ಡಿನ ಮುದ್ರೆ ಒತ್ತಿದ ಅಗ್ಗದ ಚಾಕುಗಳು ಮಾರುಕಟ್ಟೆಗೆ ಬರತೊಡಗಿದವು. ಜರ್ಮನಿಯವರೇ ಆದ ಫ್ರಾನ್ಜ್ ರ‍್ಯೂಲೋ 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ತಮ್ಮ ದೇಶದ ಸರಕನ್ನು ನೋಡಿ ಅದು ಅಗ್ಗ, ಆದರೆ ಕಳಪೆ ಎಂದು ಬರೆದರು. 1887ರಲ್ಲಿ ಬ್ರಿಟನ್ ಸರಕು ಮುದ್ರೆಗಳ ಕಾಯ್ದೆ ತಂದಿತು. ಹೊರದೇಶದ ಸರಕು ಬ್ರಿಟನ್ನಿನದೆಂಬ ಭ್ರಮೆ ಹುಟ್ಟಿಸುವಂತಿದ್ದರೆ, ಅದು ಎಲ್ಲಿಯದೆಂದು ಅದರ ಮೇಲೆ ಬರೆಯಲೇಬೇಕಾಯಿತು. 'ಮೇಡ್ ಇನ್ ಜರ್ಮನಿ' ಎಂಬ ಮಾತು ಪ್ರಚಾರಕ್ಕೆ ಬಂದದ್ದು ಹೀಗೆ, ಅವಮಾನದ ಚೀಟಿಯಾಗಿ. ಮುಂದಿನ ವರ್ಷಗಳಲ್ಲಿ ಜರ್ಮನಿಯ ಕಾರ್ಖಾನೆಗಳು ಸರಕನ್ನು ಸುಧಾರಿಸಿದವು. ಅದೇ ಚೀಟಿ ಮೆಚ್ಚುಗೆಯ ಮುದ್ರೆಯಾಯಿತು. 1938ರ ಹೊತ್ತಿಗೆ ಜೋಲಿಂಗೆನ್ ತನ್ನದೇ ಹೆಸರನ್ನು ಕಳ್ಳರಿಂದ ಕಾಪಾಡಿಕೊಳ್ಳಲು ಕಾನೂನು ಮಾಡಿಸಿಕೊಂಡಿತು.

ಇದರಲ್ಲಿ ನನ್ನ ಗಮನ ಸೆಳೆಯುವುದು ಒಂದು ವಿಷಯ. ಜೋಲಿಂಗೆನ್ನಿನವರು ಶೆಫೀಲ್ಡಿನ ಹೆಸರಿನಲ್ಲಿ ಎಷ್ಟು ಒಳ್ಳೆಯ ಚಾಕು ಮಾಡಿದ್ದರೂ ಅದರ ಕೀರ್ತಿ ಶೆಫೀಲ್ಡಿಗೇ ಹೋಗುತ್ತಿತ್ತು. ನಿಜ ಹೇಳಲೇಬೇಕಾಗಿ ಬಂದ ದಿನದಿಂದ ಅವರ ಕೆಲಸ ಅವರ ಲೆಕ್ಕಕ್ಕೆ ಜಮೆಯಾಗತೊಡಗಿತು.

ಬನಹಟ್ಟಿಗೆ ಇದಕ್ಕಿಂತಲೂ ಹತ್ತಿರದ ಕಥೆ ಫ್ರಾನ್ಸಿನದು. ಅಲ್ಲಿ ಲಗಿಯೋಲ್ ಎಂಬ ಸಣ್ಣ ಊರಿದೆ. ಅಲ್ಲಿನವರ ಬಾಯಲ್ಲಿ ಅದು 'ಲಯೋಲ್'. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈ ಊರಿನ ಕಮ್ಮಾರರ ಕೈಯಲ್ಲಿ ಹುಟ್ಟಿದ ಮಡಚುವ ಚಾಕು ಊರಿನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಬೇಡಿಕೆ ಬೆಳೆದಂತೆ ಚಾಕು ತಯಾರಿಕೆ ತಿಯೇರ್ ಎಂಬ ಇನ್ನೊಂದು ಪಟ್ಟಣಕ್ಕೆ ಸರಿಯಿತು. ತಿಯೇರ್ ಶತಮಾನಗಳಿಂದ ಚಾಕುವಿನದೇ ಊರು. ಹೊಳೆಯ ನೀರಿನಿಂದ ಸಾಣೆಕಲ್ಲು ತಿರುಗಿಸಿ ಅಲಗು ಮಸೆದ ಪರಂಪರೆ ಅಲ್ಲಿಯದು. ಇಪ್ಪತ್ತನೆಯ ಶತಮಾನದಲ್ಲಿ ಬಹುಕಾಲ 'ಲಗಿಯೋಲ್' ಚಾಕುಗಳಲ್ಲಿ ಹೆಚ್ಚಿನವು ತಿಯೇರ್‌ನಲ್ಲೇ ತಯಾರಾದವು. ಲಗಿಯೋಲ್ ಊರಿನಲ್ಲಿ ಆ ಕೆಲಸ ಮತ್ತೆ ಚಿಗುರಿದ್ದು 1980ರ ದಶಕದಲ್ಲಿ. 1993ರಲ್ಲಿ ಆ ಊರಿನವರಲ್ಲದ ವ್ಯಾಪಾರಿಯೊಬ್ಬರು 'ಲಗಿಯೋಲ್' ಹೆಸರನ್ನು ಹಲವು ಬಗೆಯ ಸರಕುಗಳಿಗೆ ಟ್ರೇಡ್‌ಮಾರ್ಕ್ ಮಾಡಿಸಿಕೊಂಡರು. ಹೊರದೇಶಗಳಲ್ಲಿ ತಯಾರಾದ ವಸ್ತುಗಳೂ ಆ ಹೆಸರಿನಲ್ಲಿ ಮಾರಾಟವಾದವು. ಊರಿನವರು ಕೋರ್ಟಿಗೆ ಹೋದರು. 2012ರಲ್ಲಿ ಸೋತಾಗ, ಊರ ಬಾಗಿಲಿನ ಹೆಸರಿನ ಫಲಕವನ್ನೇ ಕಿತ್ತು ಪ್ರತಿಭಟಿಸಿದರು. 2019ರಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯ ಊರಿನ ಪರವಾಗಿ ತೀರ್ಪು ಕೊಟ್ಟಿತು.

ಪತ್ರಿಕೆಗಳು ಲಗಿಯೋಲ್‌ನ ದುಃಖವನ್ನು ಬರೆದವು, ಅದು ನ್ಯಾಯವೂ ಹೌದು. ನನಗೆ ಹೆಚ್ಚು ಕಾಡುವ ಊರು ತಿಯೇರ್. ಅಲ್ಲಿನ ಕುಶಲಿಗರು ತಲೆಮಾರುಗಳ ಕಾಲ ಒಳ್ಳೆಯ ಚಾಕು ಮಾಡಿದರು, ಹೆಸರು ಮಾತ್ರ ಬೇರೆ ಊರಿನದು.

ನಮ್ಮ ಬಾಗಲಕೋಟೆ ಜಿಲ್ಲೆಯ ಒಳಗೇ ಇದೇ ಜೋಡಿ ಇದೆ. ಇಳಕಲ್ ಲಗಿಯೋಲ್‌ನ ಜಾಗದಲ್ಲಿದ್ದರೆ, ಬನಹಟ್ಟಿ-ರಬಕವಿ ತಿಯೇರ್‌ನ ಜಾಗದಲ್ಲಿದೆ. ಇಳಕಲ್ ಕೈಮಗ್ಗದ ಸೀರೆಯ ವಿಶೇಷ ಅದರ ಬಣ್ಣ, ದಡಿಗಳಲ್ಲಿ ಮಾತ್ರ ಇಲ್ಲ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನೂ ಕೈಯಿಂದ ಕುಣಿಕೆ ಹಾಕಿ ಒಂದಕ್ಕೊಂದು ಸೇರಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಹೀಗಾಗಿ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧ ಮಾಡಬೇಕು. ವಿದ್ಯುತ್ ಮಗ್ಗ ಬದುಕುವುದೇ ಉದ್ದನೆಯ ಹಾಸಿನ ಮೇಲೆ, ನಿಲ್ಲದ ಓಟದ ಮೇಲೆ. ಅದು ಟೋಪ ತೆನಿ ಸೆರಗಿನ ಕೆಂಪು-ಬಿಳಿ ನೋಟವನ್ನು ತರಬಲ್ಲದು, ಕೊಂಡಿಯ ದುಡಿಮೆಯನ್ನು ತರಲಾರದು. ಆದರೂ ವಿದ್ಯುತ್ ಮಗ್ಗದ ಸೀರೆ ಕೆಟ್ಟದ್ದೆಂದು ಹೇಳುವಂತಿಲ್ಲ. ಅಗ್ಗ, ಒಗೆಯಲು ಸುಲಭ, ಹೊಲಕ್ಕೆ ಉಟ್ಟು ಹೋಗಬಹುದು. ಉತ್ತರ ಕರ್ನಾಟಕದ ಎಷ್ಟೋ ತಾಯಂದಿರ ದಿನನಿತ್ಯದ ಮಾನ ಮುಚ್ಚಿರುವುದು ಅಂಥ ಸೀರೆಗಳೇ.

ಕಾನೂನು ಇಲ್ಲಿ ಎಷ್ಟು ನೆರವಾಗುತ್ತದೆ? ಭೌಗೋಳಿಕ ಗುರುತುಗಳ ಕಾಯ್ದೆ 1999ರಲ್ಲಿ ಬಂದು 2003ರಲ್ಲಿ ಜಾರಿಯಾಯಿತು. ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಆ ರಕ್ಷಣೆ ಇದೆ. 2006ರಿಂದ ಕೈಮಗ್ಗದ ಬಟ್ಟೆಗೆ 'ಹ್ಯಾಂಡ್‌ಲೂಮ್ ಮಾರ್ಕ್' ಇದೆ. 2020ರ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟದಲ್ಲಿ ಸರಕು ಯಾವ ದೇಶದ್ದೆಂದು ತೋರಿಸಬೇಕು. ಆದರೆ ದೇಶದ ಹೆಸರು ನಮ್ಮ ಪ್ರಶ್ನೆಗೆ ತೀರಾ ದೊಡ್ಡದು. ಇಳಕಲ್ಲಿನದೂ ಭಾರತ, ಬನಹಟ್ಟಿಯದೂ ಭಾರತ, ಸೂರತ್ತಿನದೂ ಭಾರತ.

ಇನ್ನೊಂದು ತೊಡಕೂ ಇದೆ. 'ಇಲ್ಲಿ ಮಾಡಿದ್ದು' ಎಂದರೆ ಎಷ್ಟು ಭಾಗ ಇಲ್ಲಿ ಆಗಿರಬೇಕು? ನೂಲು ದೂರದ ಗಿರಣಿಯದು, ಕೃತಕ ರೇಷ್ಮೆ ಇನ್ನೆಲ್ಲಿಯದೋ, ಬಣ್ಣ ಮತ್ತೆಲ್ಲಿಯದೋ. ಚಾಕುವಿಗೂ ಇದೇ ಪಾಡು: ಉಕ್ಕು ಒಂದು ದೇಶದ್ದು, ಹಿಡಿ ಇನ್ನೊಂದರದು. ಕೈಗಾರಿಕಾ ಸರಕು ತನ್ನದೆನಿಸಿಕೊಳ್ಳಲು ತಯಾರಿಕೆಯ ವೆಚ್ಚದಲ್ಲಿ ಕನಿಷ್ಠ ಶೇ. 60 ಭಾಗ ತನ್ನಲ್ಲಿ ಆಗಿರಬೇಕು, ಮುಖ್ಯವಾದ ಹಂತವೊಂದಾದರೂ ತನ್ನ ನೆಲದಲ್ಲೇ ನಡೆದಿರಬೇಕು ಎಂದು ಸ್ವಿಟ್ಜರ್ಲೆಂಡ್ 2017ರಿಂದ ಗೆರೆ ಎಳೆದಿದೆ. ಗೆರೆ ಎಲ್ಲಿ ಎಳೆಯಬೇಕೆಂಬ ಬಗ್ಗೆ ಜಗಳ ಇರಬಹುದು. ಆದರೆ ಗಡಿ ಮಸುಕಾಗಿದೆ ಎಂಬುದು ಗಡಿಯೇ ಇಲ್ಲ ಎನ್ನಲು ಕಾರಣವಾಗುವುದಿಲ್ಲ. ಸೀರೆಯ ಮಟ್ಟಿಗೆ ಹಾಸು ಹೊಕ್ಕು ಸೇರಿ ಬಟ್ಟೆಯಾದ ಜಾಗವೇ ಅದರ ಊರು ಎಂದರೆ ಯಾವ ನೇಕಾರರೂ ಬೇಡವೆನ್ನಲಾರರು.

ಈಗ ಮೊದಲಿನ ಪ್ರಶ್ನೆ: ಹೆಸರು ಸುಳ್ಳಾದರೆ ನಷ್ಟ ಯಾರಿಗೆ? ಕೊಂಡವರಿಗೆ ಎಂಬುದು ಮೊದಲ ಉತ್ತರ. ಕೊಂಡಿಯ ಬೆಲೆ ತೆತ್ತು ಕೊಂಡಿ ಇಲ್ಲದ ಸೀರೆ ತಂದಿರುತ್ತಾರೆ. ಇಳಕಲ್ಲಿನ ಕುಣಿಮಗ್ಗದವರಿಗೆ ಎಂಬುದು ಎರಡನೆಯದು. ಅವರ ದಿನಗಟ್ಟಲೆಯ ಕೆಲಸಕ್ಕೆ ಅವರದೇ ಹೆಸರು ಹೊತ್ತ ಅಗ್ಗದ ಸೀರೆ ಎದುರಾಳಿಯಾಗುತ್ತದೆ. ಇವೆರಡನ್ನೂ ಎಲ್ಲರೂ ಹೇಳುತ್ತಾರೆ. ಮೂರನೆಯ ನಷ್ಟವನ್ನು ಹೇಳುವವರು ಕಡಿಮೆ. ಅದು ಬನಹಟ್ಟಿಯ ನೇಕಾರರದು.

ನನ್ನ ಓದಿನ ಕ್ಷೇತ್ರದಿಂದ ಒಂದು ಹೋಲಿಕೆ ಕೊಡುತ್ತೇನೆ. ವಚನಗಳಿಗೆ ಅಂಕಿತ ಇರುತ್ತದೆ. ಬಸವಣ್ಣನವರದು ಕೂಡಲಸಂಗಮದೇವ; ಇದೇ ಜಿಲ್ಲೆಯ ಕೃಷ್ಣಾ ಮಲಪ್ರಭೆಗಳ ಸಂಗಮದ ಹೆಸರು ಆ ಅಂಕಿತದೊಳಗೇ ಇದೆ. ನೇಕಾರನಾಗಿದ್ದ ದಾಸಿಮಯ್ಯನದು ರಾಮನಾಥ. ಫ. ಗು. ಹಳಕಟ್ಟಿಯವರು ಓಲೆಗರಿಗಳಿಂದ ವಚನಗಳನ್ನು ಹೊರತಂದ ಕಾಲದಿಂದಲೂ ಸಂಪಾದಕರಿಗೆ ಒಂದು ಕೆಲಸ ತಪ್ಪಿಲ್ಲ: ದೊಡ್ಡವರ ಅಂಕಿತ ಹೊತ್ತು ಬಂದ ಪ್ರಕ್ಷಿಪ್ತಗಳನ್ನು ಬೇರ್ಪಡಿಸುವುದು. ಅಂಥ ಒಂದು ವಚನ ಬಹಳ ಸುಂದರವಾಗಿರಬಹುದು. 'ಚೆನ್ನಾಗಿದೆಯಲ್ಲ, ಇರಲಿ ಬಿಡಿ' ಎಂದು ಸಂಪಾದಕರು ಹೇಳುವಂತಿಲ್ಲ. ಅವರು ಕೇಳುವುದು ಇದು ಯಾರದು ಎಂದು. ಆ ಸುಂದರ ವಚನ ಬರೆದವನ ಗತಿ ನೋಡಿ. ದೊಡ್ಡ ಅಂಕಿತ ಹಾಕಿದ್ದರಿಂದ ಅವನ ಸಾಲು ಉಳಿಯಿತು, ಅವನು ಉಳಿಯಲಿಲ್ಲ. ನಾವು ಅವನನ್ನು ಮೆಚ್ಚಬೇಕೆಂದರೂ ಮೆಚ್ಚಲು ಹೆಸರಿಲ್ಲ.

ಎರವಲು ಹೆಸರು ಸರಕನ್ನು ಬದುಕಿಸಿ ಮಾಡಿದವರನ್ನು ಅಳಿಸುತ್ತದೆ. ಬನಹಟ್ಟಿಯ ಸೀರೆ ಚೆನ್ನಾಗಿ ಬಾಳಿಕೆ ಬಂದರೆ ಉಟ್ಟವರು 'ಇಳಕಲ್ ಸೀರಿ ಅಂದ್ರ ಇಳಕಲ್ ಸೀರಿನೇ' ಎನ್ನುತ್ತಾರೆ. ಬಣ್ಣ ಬಿಟ್ಟರೆ ಮಾತ್ರ 'ಇದು ಬನಹಟ್ಟಿದಿರಬೇಕು' ಎನ್ನುತ್ತಾರೆ. ಒಳ್ಳೆಯದೆಲ್ಲ ಬೇರೆಯವರ ಖಾತೆಗೆ, ಕೆಟ್ಟದ್ದೆಲ್ಲ ತಮ್ಮ ಖಾತೆಗೆ. ಇಂಥ ಲೆಕ್ಕದಲ್ಲಿ ಒಂದು ಊರು ಎಷ್ಟು ತಲೆಮಾರು ದುಡಿದರೂ ಹೆಸರು ಗಳಿಸಲಾರದು.

ಇದಕ್ಕೆ ಬರುವ ಆಕ್ಷೇಪ ಗಟ್ಟಿಯಾದದ್ದು. ಹೊಟ್ಟೆ ತುಂಬಿದವರಿಗೆ ಅಂಕಿತದ ಚಿಂತೆ. ಬನಹಟ್ಟಿ ಸೀರೆ ಎಂದರೆ ಕಡಿಮೆ ಬೆಲೆಗೆ ಕೇಳುತ್ತಾರೆ, ಇಳಕಲ್ ಎಂದರೆ ಕಣ್ಣಿಗೊತ್ತಿಕೊಂಡು ಒಯ್ಯುತ್ತಾರೆ. ಸಂತೆಯ ಹೊತ್ತಿಗೆ ರೊಕ್ಕ ಬೇಕಾದವರ ಮುಂದೆ ಸತ್ಯದ ಉಪದೇಶ ಮಾಡುವುದು ಸುಲಭ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಹೆಸರು ಬದಲಾಗುವುದು ಬಹುಮಟ್ಟಿಗೆ ಮಗ್ಗದ ಹತ್ತಿರ ಅಲ್ಲ, ಗಲ್ಲಾಪೆಟ್ಟಿಗೆಯ ಹತ್ತಿರ. ಮಾಲಕರಿಂದ ನೂಲು ತಂದು ನೇಯುವವರಿಗೆ ಸಿಗುವುದು ಸೀರೆಗಿಷ್ಟೆಂಬ ಮಜೂರಿ. ಅಂಗಡಿಯಲ್ಲಿ ಅದಕ್ಕೆ ಯಾವ ಹೆಸರು ಕೊಟ್ಟರೂ ಆ ಮಜೂರಿ ಹೆಚ್ಚುವುದಿಲ್ಲ. ಹಸಿವಿನ ಹೆಸರಿನಲ್ಲಿ ಸುಳ್ಳನ್ನು ಸಮರ್ಥಿಸುವ ಮೊದಲು, ಆ ಸುಳ್ಳಿನ ಲಾಭ ಹಸಿದವರ ಮನೆಗೆ ತಲುಪುತ್ತಿದೆಯೇ ಎಂದು ಕೇಳಬೇಕು.

ಕೊಳ್ಳುವ ನಮ್ಮ ಪಾಲೂ ಇದರಲ್ಲಿದೆ. ಹೆಸರನ್ನು ಗುಣದ ಬದಲಿಯಾಗಿ ಒಪ್ಪುವ ಸೋಮಾರಿತನವೇ ಸುಳ್ಳು ಹೆಸರಿಗೆ ಮಾರುಕಟ್ಟೆ ಒದಗಿಸುತ್ತದೆ. ಸೆರಗು ಒಡಲು ಕೂಡುವ ಜಾಗವನ್ನು ತಿರುವಿ ನೋಡುವವರು, 'ಇದು ಬನಹಟ್ಟಿದಾದ್ರೂ ಅಡ್ಡಿಯಿಲ್ರಿ, ಖರೇ ಹೇಳ್ರಿ' ಎನ್ನುವವರು ಹೆಚ್ಚಾದರೆ, ಅಂಗಡಿಯವರಿಗೂ ಖರೇ ಹೇಳುವುದು ಸುಲಭವಾಗುತ್ತದೆ.

ತಿಯೇರ್ ಏನು ಮಾಡಿತು ಎಂಬುದು ಇಲ್ಲಿ ಹೇಳಬೇಕಾದ ಮಾತು. 1994ರಲ್ಲಿ ಆ ಪಟ್ಟಣದ ಚಾಕು ಮಾಡುವವರು ಒಟ್ಟಾಗಿ ಒಂದು ಹೊಸ ಮಾದರಿಯ ಮಡಚುವ ಚಾಕುವನ್ನು ಹೊರತಂದು, ಅದಕ್ಕೆ ತಮ್ಮ ಊರಿನ ಹೆಸರನ್ನೇ ಇಟ್ಟರು: 'ಲ ತಿಯೇರ್'. ಗೊತ್ತುಪಡಿಸಿದ ರೂಪದ, ಅದೇ ಸೀಮೆಯಲ್ಲಿ ತಯಾರಾದ ಚಾಕುಗಳಿಗಷ್ಟೇ ಆ ಹೆಸರು. ಲಗಿಯೋಲ್‌ನಷ್ಟು ಅದು ಪ್ರಸಿದ್ಧವಲ್ಲ. ಆದರೆ ಅದರ ಅಲಗಿಗೆ ಬರುವ ಹೊಗಳಿಕೆಯೂ ಬೈಗುಳವೂ ಮಾಡಿದವರ ಮನೆಗೇ ಬರುತ್ತದೆ, ಬೈಗುಳ ಬಂದರೆ ತಿದ್ದಿಕೊಳ್ಳುವವರೂ ಅವರೇ. ಬನಹಟ್ಟಿಯ ಮಗ್ಗದ ಸದ್ದು ಕೇಳುತ್ತ ನಡೆಯುವಾಗ ನನಗೆ ಅನ್ನಿಸುವುದು ಇಷ್ಟೇ: ಇಲ್ಲಿನ ಸೀರೆಯ ಅಂಚಿನ ಮೇಲೆ 'ಬನಹಟ್ಟಿ, ವಿದ್ಯುತ್ ಮಗ್ಗ' ಎಂದು ಬರೆದರೆ ಮೊದಲ ವರ್ಷ ಬೆಲೆ ಇಳಿಯಬಹುದು. ಬರೆಯದಿದ್ದರೆ ನೂರು ವರ್ಷ ಕಳೆದರೂ ಆ ಹೆಸರಿಗೆ ಬೆಲೆ ಏರುವ ದಾರಿಯೇ ಇರುವುದಿಲ್ಲ.