ನೀರಿಗಿಳಿಸುವ ಕೈ



ತಪಸ್ಸುಕಾಲದ ನಾಲ್ಕನೆಯ ವಾರದ ಮಂಗಳವಾರ ಬಲಿಪೂಜೆಯಲ್ಲಿ ನಾವು ಒಂದು ಕೊಳದ ಕಥೆ ಕೇಳುತ್ತೇವೆ. ಸಂತ ಯೊವಾನ್ನರ ಶುಭಸಂದೇಶದ ಐದನೆಯ ಅಧ್ಯಾಯ. ಜೆರುಸಲೇಮಿನ ಬೆತ್ಸಾಥ ಕೊಳ, ಅದರ ಸುತ್ತ ಐದು ಮಂಟಪಗಳು, ಮಂಟಪಗಳ ತುಂಬ ಕುರುಡರು, ಕುಂಟರು, ಲಕ್ವ ಹೊಡೆದವರು. ನೀರು ಕಲಕಿದಾಗ ಮೊದಲು ಇಳಿಯಬೇಕೆಂದು ಎಲ್ಲರೂ ಕಾಯುತ್ತಿದ್ದರು. ಬೇಸಿಗೆ ಬಂದರೆ ಟ್ಯಾಂಕರಿನ ದಾರಿ ನೋಡುವ ಜತ್ತ ತಾಲೂಕಿನ ನಮಗೆ ಈ ಕಾಯುವಿಕೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೊಡ ಹಿಡಿದು ನಿಂತಾಗ ರಟ್ಟೆ ಗಟ್ಟಿ ಇದ್ದವರು ಮುಂದಾಗುತ್ತಾರೆ, ಮುದುಕಿಯ ಕೊಡ ಹಿಂದೆ ಉಳಿಯುತ್ತದೆ.

ಅಲ್ಲಿ 38 ವರ್ಷಗಳಿಂದ ಕಾಯಿಲೆ ಬಿದ್ದ ಒಬ್ಬನಿದ್ದ. ಗುಣವಾಗುವ ಮನಸ್ಸಿದೆಯೇ ಎಂದು ಯೇಸುಸ್ವಾಮಿ ಕೇಳಿದರು. ಅವನು ಹೌದು ಎನ್ನಲಿಲ್ಲ. ಕಾಲು ನೋವಿನ ಮಾತನ್ನೂ ಎತ್ತಲಿಲ್ಲ. ತನ್ನನ್ನು ಎತ್ತಿ ನೀರಿಗಿಳಿಸುವ ಜನ ಇಲ್ಲ ಎಂದ. ಎಷ್ಟೋ ವರ್ಷ ಈ ಭಾಗದ ಮೇಲೆ ಪ್ರಸಂಗ ಮಾಡಿದ್ದೇನೆ. ಈ ಉತ್ತರವನ್ನು ಮಾತ್ರ ಸರಸರನೆ ದಾಟಿ ಹೋಗುತ್ತಿದ್ದೆ.

2024ರಲ್ಲಿ ‘ಚಂದು ಚಾಂಪಿಯನ್’ ಎಂಬ ಹಿಂದಿ ಸಿನಿಮಾ ಬಂತು. ನಮ್ಮ ಯುವಕರು ನೋಡಿ ಬಂದು ಹೇಳಿದಾಗಲೇ ನನಗೆ ಗೊತ್ತಾಗಿದ್ದು, ಅದು ನಮ್ಮ ಸಾಂಗಲಿ ಜಿಲ್ಲೆಯವರ ಕಥೆ ಎಂದು. ಮುರಳಿಕಾಂತ ಪೇಟಕರ ಅವರು 1944ರಲ್ಲಿ ಇಸ್ಲಾಂಪುರದ ಕಡೆ ಹುಟ್ಟಿದವರು. ಜಿಲ್ಲೆಯ ಆ ತುದಿಗೆ ಕೃಷ್ಣೆ, ವಾರಣೆ ಎರಡೂ ಹರಿಯುತ್ತವೆ. ಈ ತುದಿಯಲ್ಲಿ ನಾವಿದ್ದೇವೆ, ಇರಲಿ. ಅವರು ಸೈನ್ಯದ ಇಎಂಇ ದಳ ಸೇರಿದರು, ಬಾಕ್ಸಿಂಗ್‌ನಲ್ಲಿ ಹೆಸರು ಮಾಡಿದರು. 1965ರ ಪಾಕಿಸ್ತಾನ ಯುದ್ಧದಲ್ಲಿ ಗುಂಡುಗಳು ಮೈಗೆ ಹೊಕ್ಕವು. ಒಂದು ಬೆನ್ನುಮೂಳೆಯಲ್ಲಿ ಕೂತಿತು. ಸೊಂಟದ ಕೆಳಗೆ ಬಲ ಹೋಯಿತು. ಆಗ ಅವರಿಗೆ ಇಪ್ಪತ್ತೊಂದು ತುಂಬುವುದರಲ್ಲಿತ್ತು.

ಅವರನ್ನು ಈಜಿಗೆ ಹಚ್ಚಿದ್ದು ಚಿಕಿತ್ಸೆ. ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಈಸು ಕಲಿತವರಿಗೆ ಗೊತ್ತು, ನೀರಿನಲ್ಲಿ ಮೈ ತನ್ನ ಭಾರ ಮರೆಯುತ್ತದೆ. ದಂಡೆಯ ಮೇಲೆ ಹೊರೆಯಾಗಿದ್ದ ಕಾಲು ಅಲ್ಲಿ ತೇಲುತ್ತದೆ. ಮುಂದೆ ಒಯ್ಯುವ ಕೆಲಸವನ್ನು ತೋಳು ನೋಡಿಕೊಳ್ಳುತ್ತದೆ. ಆದರೆ ದಂಡೆಯಿಂದ ನೀರಿನವರೆಗಿನ ಆ ಎರಡು ಮಾರು ದೂರ ಇದೆಯಲ್ಲ, ಅಲ್ಲಿ ಇನ್ನೊಬ್ಬರ ಕೈ ಬೇಕು. ಬೆತ್ಸಾಥದ ಮನುಷ್ಯನಿಗೆ ಸಿಗದ ಕೈ ಪೇಟಕರರಿಗೆ ಸಿಕ್ಕಿತು.

1972ರ ಆಗಸ್ಟ್‌ನಲ್ಲಿ ಜರ್ಮನಿಯಲ್ಲಿ ಅಂಗವಿಕಲರ ಕ್ರೀಡಾಕೂಟ, ಈಗ ನಾವು ಪ್ಯಾರಾಲಿಂಪಿಕ್ಸ್ ಎನ್ನುವುದು, ನಡೆಯಿತು. ಅದೇ ತಿಂಗಳ ಕೊನೆಗೆ ಮ್ಯೂನಿಕ್ ನಗರದಲ್ಲಿ ಒಲಿಂಪಿಕ್ಸ್ ಇತ್ತು. ಗಾಲಿಕುರ್ಚಿಯವರಿಗೆ ಮಾತ್ರ ಅಲ್ಲಿ ಜಾಗವಾಗಲಿಲ್ಲ. ಅಲ್ಲಿನ ಕ್ರೀಡಾಗ್ರಾಮದ ಮನೆಗಳು ಬೇರೆಯವರ ಪಾಲಿಗೆ ನಿಗದಿಯಾಗಿದ್ದವು. ಕೂಟವನ್ನು ಹೈಡೆಲ್‌ಬರ್ಗ್‌ಗೆ ಒಯ್ದರು. ಬೆತ್ಲೆಹೇಮಿನ ಛತ್ರದಲ್ಲಿ ಸ್ಥಳವಿಲ್ಲದೆ ಹೋದದ್ದನ್ನು ಪ್ರತಿ ವರ್ಷ ಗೋದಲಿ ಕಟ್ಟಿ ನೆನೆಯುವ ನಮಗೆ ಇದು ಹೊಸ ಸುದ್ದಿಯೇನಲ್ಲ. ಇಂಥ ಕೂಟಗಳಿಗೆ ಮೊದಲು ಹಾದಿ ಹಾಕಿದ ವೈದ್ಯ ಲುಡ್ವಿಗ್ ಗುಟ್‌ಮನ್ ಕೂಡ ಹಿಟ್ಲರನ ಕಾಲದಲ್ಲಿ ಅದೇ ಜರ್ಮನಿಯನ್ನು ಬಿಟ್ಟು ಹೋಗಬೇಕಾಗಿ ಬಂದ ಯಹೂದಿ. ಬೆನ್ನುಹುರಿ ಮುರಿದ ಸೈನಿಕರನ್ನು ಹಾಸಿಗೆಯಲ್ಲೇ ಸಾಯಲು ಬಿಡುತ್ತಿದ್ದ ಕಾಲದಲ್ಲಿ, 1948ರಲ್ಲಿ, ಇಂಗ್ಲೆಂಡಿನ ಆಸ್ಪತ್ರೆಯ ಅಂಗಳದಲ್ಲಿ ಅವರ ಕೈಗೆ ಬಿಲ್ಲು ಬಾಣ ಕೊಟ್ಟಿದ್ದರು.

ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್. ತಮ್ಮ ವರ್ಗದಲ್ಲಿ ಪೇಟಕರ 37.33 ಸೆಕೆಂಡಿನಲ್ಲಿ ಮುಟ್ಟಿದರು. ಚಿನ್ನ, ಜೊತೆಗೆ ವಿಶ್ವದಾಖಲೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ಒಲಿಂಪಿಕ್ಸ್‌ನಲ್ಲಿ ಒಬ್ಬ ಭಾರತೀಯ ಒಂಟಿಯಾಗಿ ಚಿನ್ನ ಗೆಲ್ಲಲು ಇನ್ನೂ 36 ವರ್ಷ ಬೇಕಾಯಿತು. ಆ ಅಭಿನವ್ ಬಿಂದ್ರಾ ಹೆಸರು ನಮ್ಮ ಮಕ್ಕಳಿಗೆ ಬಾಯಿಪಾಠ. ಪೇಟಕರರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ. ಲೆಕ್ಕ ಹಾಕಿ ನೋಡಿ, 46 ವರ್ಷ. ಬೆತ್ಸಾಥದವನಿಗಿಂತ ಎಂಟು ವರ್ಷ ಹೆಚ್ಚು ಕಾದರು. 2025ರ ಜನವರಿಯಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಊರುಗೋಲುಗಳ ಮೇಲೆ ನಡೆದು ಬಂದು ರಾಷ್ಟ್ರಪತಿಗಳ ಕೈಯಿಂದ ಅರ್ಜುನ ಪ್ರಶಸ್ತಿ ಪಡೆದರು.

ದೇಶ ಮರೆತಿತ್ತು ಎಂದು ಬೈಯುವುದು ಸುಲಭ. ನಾನೂ ಬೈದೆ. ಆದರೆ ಅದೇ ವಾರ ನಮ್ಮ ಧರ್ಮಕೇಂದ್ರದ ಒಂದು ಮನೆಗೆ ಹೋಗಬೇಕಾಗಿತ್ತು. ಆ ಮನೆಯ ತಮ್ಮ ಕಬ್ಬಿನ ಟ್ರಾಲಿಯಿಂದ ಬಿದ್ದು ಎದ್ದು ನಡೆಯಲಾರದವನಾಗಿದ್ದಾನೆ. ಪ್ರತಿ ಮೊದಲ ಶುಕ್ರವಾರ ಪರಮಪ್ರಸಾದ ಒಯ್ದು ಕೊಡುತ್ತೇನೆ. ಪ್ರಾರ್ಥನೆ, ಆಶೀರ್ವಾದ, ಚಹಾ ಬೇಡ ಎನ್ನುವುದು, ಬೈಕ್ ಹತ್ತುವುದು, ಎಲ್ಲ ಸೇರಿ ಹತ್ತು ನಿಮಿಷ. ಅವತ್ತು ಪೇಟಕರರ ಕಥೆಯನ್ನು ಉತ್ಸಾಹದಿಂದ ಹೇಳಿದೆ. ಪೂರ್ತಿ ಕೇಳಿಕೊಂಡ. ಆಮೇಲೆ ಅಂದ: “ದೇವರು ತಿಂಗಳಿಗೊಮ್ಮೆ ನಮ್ಮನಿಗೆ ಬರ್ತಾನ ಫಾದರ್. ನಾ ಅವನ ಮನಿಗೆ ಬಂದು ಆರು ವರ್ಷ ಆತು.”

ವಾಪಸು ಬಂದು ದೇವಾಲಯದ ಮೆಟ್ಟಿಲು ಎಣಿಸಿದೆ. ಏಳು ಇವೆ. ದಿನಾ ಹತ್ತಿ ಇಳಿಯುವವನಿಗೆ ಆವರೆಗೆ ಲೆಕ್ಕ ಗೊತ್ತಿರಲಿಲ್ಲ. ಕಫೆರ್ನವುಮಿನಲ್ಲಿ ಗೆಳೆಯನನ್ನು ಒಳಗೆ ಮುಟ್ಟಿಸಲು ನಾಲ್ವರು ಮಾಳಿಗೆಯನ್ನೇ ಬಿಚ್ಚಿದರು. ನಮ್ಮಲ್ಲಿ ಬಿಚ್ಚುವಂಥದ್ದು ಏನೂ ಇಲ್ಲ, ಏಳು ಮೆಟ್ಟಿಲು ಅಷ್ಟೇ. ಮಗ್ಗುಲ ಬಾಗಿಲಿಗೆ ಇಳಿಜಾರು ಕಟ್ಟಲು ಸಮಿತಿ ಒಪ್ಪಿದೆ, ಕೆಲಸ ಈಸ್ಟರ್ ಆದ ಮೇಲೆ.

ಅಲ್ಲಿಯವರೆಗೆ ಸುಮ್ಮನಿರಲಾರೆ. ಪವಿತ್ರ ಗುರುವಾರ ಪಾದ ತೊಳೆಯುವ ಹನ್ನೆರಡು ಜನರಲ್ಲಿ ಅವನನ್ನೂ ಕೂರಿಸಬೇಕೆಂದು ಕೇಳಿದೆ. “ನೀರು ಬಿದ್ದದ್ದು ನನಗ ಗೊತ್ತಾಗೂದಿಲ್ಲ ಫಾದರ್” ಅಂದ. ಆದರೂ ಬರುತ್ತೇನೆ ಎಂದು ಒಪ್ಪಿದ್ದಾನೆ. ಕೈ ಇರುವ ಗಟ್ಟಿ ಕುರ್ಚಿ ಸಿದ್ಧವಿದೆ. ಸಂಜೆ ಐದಕ್ಕೆ ಮನೆಯಿಂದ ಕರೆತರಲು, ಪೂಜೆ ಮುಗಿದ ಮೇಲೆ ಮುಟ್ಟಿಸಲು ನಾಲ್ಕು ಜನ ಬೇಕು. ಮರಾಠಿ ಪೂಜೆಗೆ ಬರುವವರಲ್ಲಿ ಇಬ್ಬರು ಹೆಸರು ಕೊಟ್ಟಿದ್ದಾರೆ. ಅವನು ನಮ್ಮ ಕನ್ನಡ ಪೂಜೆಯ ಹುಡುಗ. ನಮ್ಮವರಿಂದ ಇನ್ನೂ ಯಾರ ಹೆಸರೂ ಬಂದಿಲ್ಲ.