ರೂತ್ ಫಸ್ಟ್ ಪರವಾಗಿ ಕ್ಷಮಿಸುವವರು ಯಾರು?

1982ರ ಆಗಸ್ಟ್ 17ರಂದು ಮೊಜಾಂಬಿಕ್‌ನ ಮಪುಟೊದಲ್ಲಿ, ವಿಶ್ವವಿದ್ಯಾಲಯದ ತಮ್ಮ ಕಚೇರಿಯಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದ ವಿರೋಧಿ ಪತ್ರಕರ್ತೆ ರೂತ್ ಫಸ್ಟ್ ತಮಗೆ ಬಂದ ಅಂಚೆ ಒಡೆದರು. ಒಳಗೆ ಬಾಂಬಿತ್ತು. ಆಗ ಅವರಿಗೆ 57 ವರ್ಷ. ಜೊತೆಯಲ್ಲಿದ್ದ ಆಫ್ರಿಕಾ ಅಧ್ಯಯನ ಕೇಂದ್ರದ ನಿರ್ದೇಶಕ, ನಮ್ಮ ಪಕ್ಕದ ಗೋವಾದಲ್ಲಿ ಹುಟ್ಟಿದ ಅಕಿನೊ ದ ಬ್ರಗಾನ್ಸಾ, ಗಾಯಗೊಂಡರೂ ಉಳಿದರು. ಬಾಂಬ್ ಕಳಿಸಿದ್ದು ದಕ್ಷಿಣ ಆಫ್ರಿಕಾದ ಭದ್ರತಾ ಪೊಲೀಸರು. ಆ ಕೆಲಸದಲ್ಲಿ ತನ್ನ ಕೈಯಿತ್ತೆಂದು ಕ್ರೇಗ್ ವಿಲಿಯಮ್ಸನ್ ಎಂಬ ಅಧಿಕಾರಿ ಮುಂದೆ ಒಪ್ಪಿಕೊಂಡ. 2000ದಲ್ಲಿ, ವರ್ಣಭೇದ ಕಾಲದ ಅಪರಾಧಗಳನ್ನು ವಿಚಾರಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗದ ಸಮಿತಿ ಅವನಿಗೆ ಕ್ಷಮಾದಾನ ಕೊಟ್ಟಿತು. ರೂತ್‌ರ ಹೆಣ್ಣುಮಕ್ಕಳು ಅದನ್ನು ವಿರೋಧಿಸಿದ್ದರು.

ನಾನು ಹುಟ್ಟಿದ್ದು ಜೈನರ ಮನೆಯಲ್ಲಿ. ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ ಕ್ಷಮಾವಾಣಿಯ ದಿನ ಚಿಕ್ಕವರು ದೊಡ್ಡವರೆನ್ನದೆ ಒಬ್ಬರ ಮುಂದೊಬ್ಬರು ಕೈಮುಗಿದು ಕ್ಷಮೆ ಕೇಳುತ್ತಾರೆ. ತೋಟದ ಬೇಲಿಯ ವಿಷಯದಲ್ಲಿ ದಾಯಾದಿಯ ಮೇಲೆ ವ್ಯಾಜ್ಯ ಹೂಡಿದ್ದ ನನ್ನ ದೊಡ್ಡಪ್ಪ ಅಂದು ಮಾತ್ರ ಅವನ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಕೈಮುಗಿದು, ಬೆಲ್ಲ ನೀರು ಕುಡಿದು ಬರುತ್ತಿದ್ದರು. ಮುಂದಿನ ವಾಯಿದೆಗೆ ತಪ್ಪದೆ ಕೋರ್ಟಿಗೂ ಹೋಗುತ್ತಿದ್ದರು. ನಮಗೆ ನಗು. ಈಗ ನನಗೆ ಅದರಲ್ಲಿ ವಿವೇಕ ಕಾಣುತ್ತದೆ: ಕ್ಷಮೆಯ ಲೆಕ್ಕ ಬೇರೆ, ನ್ಯಾಯದ ಲೆಕ್ಕ ಬೇರೆ. ಒಂದನ್ನು ತೀರಿಸಿದರೆ ಇನ್ನೊಂದು ತೀರಿತೆಂದು ಅವರು ಯಾವತ್ತೂ ನಂಬಲಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ ನಡೆದದ್ದು ಇದರ ತಿರುವುಮುರುವು. ಆಯೋಗದ ಅಧ್ಯಕ್ಷರು ಆರ್ಚ್‌ಬಿಷಪ್ ಡೆಸ್ಮಂಡ್ ಟುಟು. ಅವರ ಮುಂದೆ ವಿಚಾರಣೆ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಕಾನೂನು ಕೇಳಿದ್ದು ಮಾತ್ರ ಬೇರೆ: ಕೃತ್ಯಕ್ಕೆ ರಾಜಕೀಯ ಉದ್ದೇಶವಿರಬೇಕು, ನಡೆದದ್ದನ್ನು ಪೂರ್ತಿ ಹೇಳಬೇಕು. ಪಶ್ಚಾತ್ತಾಪ ಬೇಕೇ ಇರಲಿಲ್ಲ. ಕ್ಷಮೆ ಕೇಳದವನ ಮೇಲಿನ ವ್ಯಾಜ್ಯವನ್ನು ಸರ್ಕಾರವೇ ಮುಗಿಸಿತು.

ಅದಕ್ಕೆ ಕಾರಣವಿತ್ತು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಂದೂಕು ಇನ್ನೂ ಹಳೆಯ ಆಡಳಿತದ ಕೈಯಲ್ಲಿತ್ತು. ರಕ್ತಪಾತವಿಲ್ಲದೆ ಅಧಿಕಾರ ಕೈಬದಲಾಗಬೇಕಾದರೆ ಬೆಲೆ ತೆರಲೇಬೇಕಿತ್ತು. ಹಳೆಯ ಸರ್ಕಾರಿ ನೌಕರರ ಕೆಲಸಕ್ಕೆ ರಕ್ಷಣೆ ಕೊಡುವ ರಾಜಿಸೂತ್ರವನ್ನು 1992ರಲ್ಲಿ ಮುಂದಿಟ್ಟವರು ಬೇರೆ ಯಾರೂ ಅಲ್ಲ, ರೂತ್‌ರ ಪತಿ, ಕಮ್ಯುನಿಸ್ಟ್ ನಾಯಕ ಜೋ ಸ್ಲೋವೊ. ಆದರೆ ಬೆಲೆ ತೆತ್ತದ್ದನ್ನು ಪುಣ್ಯಕಾರ್ಯವೆಂದು ಕೊಂಡಾಡುವಾಗ ನನಗೆ ತಡೆಯುತ್ತದೆ.

ಏಕೆಂದರೆ ರೂತ್ ಸ್ವತಃ ಲೆಕ್ಕದಲ್ಲಿ ಕಟ್ಟುನಿಟ್ಟು. ಅವರು ಪತ್ರಕರ್ತೆಯಾಗಿ ಹೆಸರಾದದ್ದೇ 1947ರಲ್ಲಿ, ಬೆತಾಲ್‌ನ ಜಮೀನುಗಳಲ್ಲಿ ಕಪ್ಪು ಕೂಲಿಯಾಳುಗಳು ಹೇಗೆ ಬದುಕುತ್ತಿದ್ದಾರೆಂದು ಬಯಲಿಗೆಳೆದ ವರದಿಯಿಂದ. 1963ರಲ್ಲಿ ವಿಚಾರಣೆಯಿಲ್ಲದೆ 90 ದಿನ ಕೂಡಿಹಾಕುವ ಕಾನೂನಿನಡಿ ಬಂಧಿಸಿ ಒಂಟಿ ಕೋಣೆಯಲ್ಲಿಟ್ಟರು. ಓದಲು ಕೊಟ್ಟದ್ದು ಬೈಬಲ್. ಯಹೂದಿ ಮನೆಯ ಮಗಳು, ಕಮ್ಯುನಿಸ್ಟ್ ಬೇರೆ, ಅದನ್ನೇ ಓದಿದರು. ದಿನ ಎಣಿಸಲು ನಿಲುವಂಗಿಯ ಮಡಿಕೆಯ ಹಿಂದೆ ದಾರದಿಂದ ಹೊಲಿಗೆ ಹಾಕಿದರು. ಬಿಡುಗಡೆಯೆಂದು ಹೊರಗೆ ಬಿಟ್ಟು, ಬೀದಿಯಲ್ಲೇ ಮತ್ತೆ ಹಿಡಿದರು. ಒಟ್ಟು 117 ದಿನ. ನಡುವೆ ಪೊಲೀಸರಿಗೆ ಹೇಳಿಕೆ ಕೊಡಲು ಶುರುಮಾಡಿ, ಸಂಗಾತಿಗಳಿಗೆ ದ್ರೋಹವಾದೀತೆಂಬ ಸಂಕಟದಲ್ಲಿ ಮಾತ್ರೆ ನುಂಗಿ ಸಾಯಲು ಹೊರಟರು. ಇಷ್ಟನ್ನೂ '117 ಡೇಸ್' ಎಂಬ ಪುಸ್ತಕದಲ್ಲಿ ತಾವೇ ಬರೆದರು. ಸೆರೆಮನೆಯ ಕಥನಗಳಲ್ಲಿ ವೀರಾವೇಶ ಬೇಕಾದಷ್ಟು ಸಿಗುತ್ತದೆ. ತನ್ನ ದೌರ್ಬಲ್ಯವನ್ನು ಹೀಗೆ ದಾಖಲಿಸಿದವರು ವಿರಳ.

ತನ್ನನ್ನೇ ಸುಲಭಕ್ಕೆ ಕ್ಷಮಿಸದವರ ಪರವಾಗಿ ಯಾರು ಕ್ಷಮಿಸಬೇಕು? ಯಹೂದಿ ಧರ್ಮಶಾಸ್ತ್ರದ ಪ್ರಕಾರ ಮನುಷ್ಯನಿಗೆ ಮಾಡಿದ ತಪ್ಪನ್ನು ಪ್ರಾಯಶ್ಚಿತ್ತದ ದಿನವೂ ತೊಳೆಯದು, ಮೊದಲು ಅವನನ್ನು ಸಮಾಧಾನಪಡಿಸಬೇಕು. ನಮ್ಮ ಕ್ಷಮಾವಾಣಿಯೂ ಎದುರಿಗೆ ನಿಲ್ಲುವವರನ್ನು ಬೇಡುತ್ತದೆ. ಕೊಲೆಯಾದವರು ಎದುರಿಗೆ ನಿಲ್ಲಲಾರರು. ಮಗಳು ಗಿಲಿಯನ್ ತನ್ನ ಪುಸ್ತಕಕ್ಕಾಗಿ ವಿಲಿಯಮ್ಸನ್‌ನ ಮುಂದೆ ಹೋಗಿ ಕೂತಳು. ಅವಳು ಕ್ಷಮಿಸಿದ್ದರೂ ಅದು ತಾಯಿಯನ್ನು ಕಳೆದುಕೊಂಡ ತನ್ನ ನೋವಿನ ಮಟ್ಟಿಗೆ ಮಾತ್ರ. ಆ ಹಕ್ಕು ಆಸ್ತಿಯಂತೆ ಮಕ್ಕಳಿಗೆ ಇಳಿದು ಬರುವುದಿಲ್ಲ, ಸರ್ಕಾರಕ್ಕಂತೂ ಇಲ್ಲವೇ ಇಲ್ಲ.

1984ರಲ್ಲಿ ಅಂಗೋಲಾದಲ್ಲಿ ಅದೇ ಪೊಲೀಸರ ಇನ್ನೊಂದು ಬಾಂಬು ವರ್ಣಭೇದ ವಿರೋಧಿ ಹೋರಾಟಗಾರ್ತಿ ಜೆನೆಟ್ ಸ್ಕೂನ್‌ರನ್ನೂ ಅವರ ಆರು ವರ್ಷದ ಮಗಳು ಕ್ಯಾಟ್ರಿನ್‌ಳನ್ನೂ ಕೊಂದಿತು. ವಿಲಿಯಮ್ಸನ್‌ಗೆ ಅದಕ್ಕೂ ಕ್ಷಮಾದಾನ ಸಿಕ್ಕಿತು. ಅದರೊಂದಿಗೆ, ಪರಿಹಾರ ಕೇಳಿ ಅವನ ಮೇಲೆ ದಾವೆ ಹೂಡುವ ಹಕ್ಕೂ ಎರಡೂ ಕುಟುಂಬಗಳಿಗೆ ಇಲ್ಲವಾಯಿತು.